ಇನ್ನೊಂದು ಬೋರ್ ಕೊರೆಸುವ ಮುಂಚೆ

(ಇಂಜಿನಿಯರುಗಳ ದಿನದಂದು ಚಿಕ್ಕಬಳ್ಳಾಪುರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಊರಿಗೆ ನೀರು ಬಿಡುವ ನೀರುಗಂಟಿಗಳು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಾರ್ಚ್ ತಿಂಗಳು ಬಂತು ಅಂದರೆ ನಮ್ಮ ಕಡೆಯ ಪಂಚಾಯಿತಿ ಸಭೆಗಳಲ್ಲಿ ಒಂದೇ ಮಾತು. ನೀರು ಸಾಲುತ್ತಿಲ್ಲ, ಇನ್ನೊಂದು ಬೋರ್ ಕೊರೆಸಿ. ಸದಸ್ಯರು ಒಪ್ಪುತ್ತಾರೆ, ಠರಾವು ಆಗುತ್ತದೆ, ಲಾರಿ ಬರುತ್ತದೆ. ನೀರು ಬಿದ್ದರೆ ಊರೆಲ್ಲ ಸಂತೋಷ. ಬೀಳದಿದ್ದರೆ ಇನ್ನೊಂದು ಜಾಗ ನೋಡುತ್ತಾರೆ. ಆ ಸಭೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈಗಿರುವ ಬೋರ್ ದಿನಕ್ಕೆ ಎಷ್ಟು ಲೀಟರ್ ಕೊಡುತ್ತಿದೆ? ಅದರಲ್ಲಿ ಮನೆಗಳಿಗೆ ತಲುಪುತ್ತಿರುವುದು ಎಷ್ಟು?

ಈ ಎರಡು ಅಂಕಿ ಗೊತ್ತಿಲ್ಲದೆ ಲಕ್ಷಗಟ್ಟಲೆ ಖರ್ಚು ಮಾಡುತ್ತೇವೆ. ಅದೂ ನದಿ ಇಲ್ಲದ ಜಿಲ್ಲೆಯಲ್ಲಿ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ಹುಟ್ಟುವುದು ನಮ್ಮ ಬೆಟ್ಟಗಳ ಕಡೆಯೇ. ಆದರೆ ವರ್ಷವಿಡೀ ಹರಿಯುವ ಹೊಳೆ ಅಂತ ನಮಗೆ ಒಂದೂ ಇಲ್ಲ. ಕೆರೆ, ಮಳೆ, ಬಂಡೆಯ ಬಿರುಕಿನಲ್ಲಿ ನಿಂತ ನೀರು, ಇಷ್ಟೇ ನಮ್ಮ ಆಸ್ತಿ. ಇಷ್ಟು ಕಡಿಮೆ ಇರುವ ಕಡೆ ಅಳತೆ ಜಾಸ್ತಿ ಇರಬೇಕಿತ್ತು, ಅಲ್ವಾ?

ಸಣ್ಣ ಊರಿನ ನೀರು ಸರಬರಾಜಿಗೆ ಇಂಜಿನಿಯರಿಂಗ್ ಅಧ್ಯಯನ ಯಾಕೆ ಬೇಕು, ಅದನ್ನು ಮಾಡುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ. ಅಧ್ಯಯನ ಅಂದ ತಕ್ಷಣ ದಪ್ಪ ವರದಿ, ಕಂಪ್ಯೂಟರ್ ಮಾಡೆಲ್, ಬೆಂಗಳೂರಿನಿಂದ ಬರುವ ಕನ್ಸಲ್ಟೆಂಟ್ ಅಂತ ಅಂದುಕೊಳ್ಳಬೇಡಿ. ಸಾವಿರ ಜನ ಇರುವ ಊರಿಗೆ ಬೇಕಾಗುವುದು ಒಂದು 200 ಲೀಟರ್ ಡ್ರಮ್ಮು, ಒಂದು ಮೊಬೈಲು, ಒಂದು ಪ್ರೆಷರ್ ಗೇಜು, ಒಂದು ಟೇಪು, ನೀರು ಪರೀಕ್ಷೆಯ ಕಿಟ್ಟು, ಜೊತೆಗೆ ಆ ಊರಿನ ನೀರುಗಂಟಿ. ಇವರಲ್ಲಿ ನೀರುಗಂಟಿ ಇಲ್ಲದಿದ್ದರೆ ಉಳಿದಿದ್ದೆಲ್ಲ ಇದ್ದೂ ಪ್ರಯೋಜನವಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇಲ್ಲಿಂದ ಕೂಗಳತೆಯಲ್ಲಿದೆ. ಇವತ್ತು ಅವರ ಹೆಸರು ಹೇಳಿದರೆ ಎಲ್ಲರೂ ಕನ್ನಂಬಾಡಿ ಕಟ್ಟೆ ಅನ್ನುತ್ತಾರೆ. ನಾನು ಹೇಳುವುದು ಅದಕ್ಕಿಂತ ಮುಂಚಿನ, ಸಣ್ಣ ಕೆಲಸವೊಂದರ ಕಥೆ. 1890ರ ದಶಕದಲ್ಲಿ ಅವರು ಬಾಂಬೆ ಪ್ರಾಂತ್ಯದ ಕೆಲಸದಲ್ಲಿದ್ದರು. ಸಿಂಧ್‌ನ ಸಕ್ಕರ್ ಊರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಲು ಅವರನ್ನು ಕಳಿಸಿದರು. ಪಕ್ಕದಲ್ಲೇ ಸಿಂಧೂ ನದಿ. ನೀರಿಗೆ ಬರ ಇರಲಿಲ್ಲ, ಆದರೆ ಅದು ಕೆಸರು ನೀರು. ಸೋಸುವ ತೊಟ್ಟಿಗಳನ್ನು ಕಟ್ಟಬೇಕು, ಪುರಸಭೆ ಹತ್ತಿರ ಅಷ್ಟು ದುಡ್ಡಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದು ಬರುವ ನೀರು ತಾನೇ ಸೋಸಿಕೊಂಡು ಬಾವಿಗೆ ಬಂತು. ಅದನ್ನು ಪಂಪಿನಿಂದ ಮೇಲಕ್ಕೆತ್ತಿ ಊರಿಗೆ ಕೊಟ್ಟರು. ಊರಿನ ದುಡ್ಡಿಗೆ ತಕ್ಕ ಉಪಾಯ ಸಿಕ್ಕಿದ್ದು ಆ ಜಾಗದ ಮಣ್ಣು, ಮರಳು, ನೀರನ್ನು ಕೂತು ನೋಡಿದ್ದರಿಂದ. ಆಮೇಲೆ 1906ರಲ್ಲಿ ಅವರನ್ನು ಈಗಿನ ಯೆಮನ್ ದೇಶದ ಏಡನ್‌ಗೆ ಕಳಿಸಿದ್ದೂ ಇಂಥದೇ ನೀರಿನ ಮತ್ತು ಚರಂಡಿಯ ಅಧ್ಯಯನಕ್ಕೆ. ವಿದ್ಯಾರ್ಥಿಗಳು ಈ ಕೆಲಸಗಳ ಬಗ್ಗೆ ಓದಬೇಕು. ಕಟ್ಟೆ ಕಟ್ಟುವ ಅವಕಾಶ ನಿಮ್ಮಲ್ಲಿ ಎಷ್ಟು ಜನಕ್ಕೆ ಸಿಗುತ್ತದೋ ಗೊತ್ತಿಲ್ಲ. ಒಂದು ಊರಿನ ನೀರನ್ನು ಸರಿಮಾಡುವ ಅವಕಾಶ ಎಲ್ಲರಿಗೂ ಸಿಗುತ್ತದೆ.

ಈಗ ಬೋರ್ ಹತ್ತಿರ ಹೋಗೋಣ.

ಬೋರ್ ಕೊರೆದ ದಿನ "ಎರಡು ಇಂಚು ನೀರು ಬಿತ್ತು", "ಮೂರು ಇಂಚು ಬಿತ್ತು" ಅನ್ನುತ್ತೇವೆ. ಆ ಇಂಚು ಎಲ್ಲಿಂದ ಬಂತು? ಲಾರಿಯವರು ಹರಿಯುವ ನೀರಿಗೆ ವಿ ಆಕಾರದಲ್ಲಿ ಕತ್ತರಿಸಿದ ಒಂದು ತಗಡು ಅಡ್ಡ ಇಡುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯಿತೋ ಅಷ್ಟು ಇಂಚು. ಇಲ್ಲೊಂದು ಲೆಕ್ಕ ಇದೆ. ಕಚ್ಚಿನ ಕೋನ 90 ಡಿಗ್ರಿ ಇದ್ದರೆ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅಂದರೆ ಅದರ ಎರಡರಷ್ಟಲ್ಲ, ಗಂಟೆಗೆ ಸುಮಾರು 2,900 ಲೀಟರ್. ಮೂರು ಇಂಚಿಗೆ ಸುಮಾರು 8,000. ಕಚ್ಚು ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ಅದಕ್ಕೇ ಹೀಗೆ. "ಒಂದೂವರೆ ಇಂಚು ಇತ್ತು, ಈಗ ಒಂದಿಂಚು ಬರ್ತಿದೆ, ಅರ್ಧ ಇಂಚು ತಾನೇ ಕಡಿಮೆ ಆಗಿರೋದು" ಅಂತ ಒಬ್ಬರು ಹೇಳಿದರೆ, ಆ ಬೋರ್ ತನ್ನ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡಿದೆ ಅಂತ ಅರ್ಥ. ಇಂಚಿನ ಮಾತು ಬಿಟ್ಟು ಲೀಟರಿನ ಮಾತಿಗೆ ಬರಬೇಕು.

ಲೀಟರ್ ಅಳೆಯುವುದು ಕಷ್ಟವಲ್ಲ. ಪೈಪಿನ ಬಾಯಿಗೆ 200 ಲೀಟರ್ ಡ್ರಮ್ಮು ಹಿಡಿಯಿರಿ, ಮೊಬೈಲಿನಲ್ಲಿ ಸೆಕೆಂಡು ನೋಡಿ. ಎರಡು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 100 ಲೀಟರ್. ಆದರೆ ಇದನ್ನು ಯಾವಾಗ ಅಳೆಯುತ್ತೀರಿ ಅನ್ನುವುದು ಬಹಳ ಮುಖ್ಯ. ಮೋಟರ್ ಹಾಕಿದ ತಕ್ಷಣ ಅಳೆದರೆ ಆ ಅಂಕಿಯನ್ನು ನಂಬಬೇಡಿ. ಯಾಕೆ ಅಂತ ಹೇಳುತ್ತೇನೆ. ನಮ್ಮ ಕಡೆಯ ಬೋರ್ ಸಾಮಾನ್ಯವಾಗಿ ಆರೂವರೆ ಇಂಚಿನದು. ಅದರ ಒಂದು ಮೀಟರ್ ಉದ್ದದಲ್ಲಿ ಸುಮಾರು 21 ಲೀಟರ್ ನೀರು ನಿಲ್ಲುತ್ತದೆ. ಪಂಪಿನ ಮೇಲೆ 100 ಮೀಟರ್ ನೀರು ನಿಂತಿದ್ದರೆ ಒಟ್ಟು 2,100 ಲೀಟರ್. ನಿಮಿಷಕ್ಕೆ 100 ಲೀಟರ್ ಎಳೆಯುವ ಪಂಪು ಮೊದಲ 20 ನಿಮಿಷ ಬರೀ ಈ ನಿಂತ ನೀರನ್ನೇ ಹೊರಗೆ ಹಾಕಬಹುದು. ಬಂಡೆಯ ಬಿರುಕಿನಿಂದ ನಿಜವಾಗಿ ಎಷ್ಟು ಬರುತ್ತಿದೆ ಅನ್ನುವುದು ಗೊತ್ತಾಗುವುದು ಆಮೇಲೆ. ಅದಕ್ಕೇ ನಾಲ್ಕೈದು ಗಂಟೆ ಮೋಟರ್ ಓಡಿಸಬೇಕು, ಅರ್ಧ ಅರ್ಧ ಗಂಟೆಗೆ ಡ್ರಮ್ಮು ಹಿಡಿಯಬೇಕು, ಜೊತೆಗೆ ಒಳಗಿನ ನೀರಿನ ಮಟ್ಟ ಎಷ್ಟು ಇಳಿಯಿತು ಅಂತ ಬರೆದುಕೊಳ್ಳಬೇಕು. ಮೋಟರ್ ನಿಲ್ಲಿಸಿದ ಮೇಲೆ ಮಟ್ಟ ಎಷ್ಟು ಹೊತ್ತಿಗೆ ಮೊದಲಿನಷ್ಟಕ್ಕೆ ಏರಿತು ಅನ್ನುವುದನ್ನೂ ಬರೆಯಬೇಕು. ಬಾವಿ ಚೇತರಿಸಿಕೊಳ್ಳುವ ವೇಗ ಗೊತ್ತಾದರೆ, ದಿನಕ್ಕೆ ಎಷ್ಟು ಗಂಟೆ, ಎಷ್ಟೆಷ್ಟು ಬಿಡುವು ಕೊಟ್ಟು ಓಡಿಸಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಇದನ್ನು ಅಳೆಯದೆ ನಾವು ಮಾಡುವುದೇನು? ನೀರು ಕಡಿಮೆ ಆಯಿತು ಅಂತ ಇನ್ನೂ ದೊಡ್ಡ ಮೋಟರ್ ಇಳಿಸುತ್ತೇವೆ. ನಿಮಿಷಕ್ಕೆ 60 ಲೀಟರ್ ಕೊಡುವ ಬಿರುಕಿಗೆ ನಿಮಿಷಕ್ಕೆ 150 ಲೀಟರ್ ಎಳೆಯುವ ಪಂಪು. ಸ್ವಲ್ಪ ಹೊತ್ತಿಗೆ ಪಂಪು ನೀರಿಲ್ಲದೆ ಗಾಳಿ ಎಳೆಯುತ್ತದೆ, ಬಿಸಿಯಾಗುತ್ತದೆ, ಸುಡುತ್ತದೆ. ಮೋಟರ್ ಮೇಲೆತ್ತಿಸಿ, ರೀವೈಂಡಿಂಗ್ ಮಾಡಿಸಿ ಮತ್ತೆ ಇಳಿಸುತ್ತಾರೆ. ವರ್ಷಕ್ಕೆ ಎಷ್ಟು ಸಲ ಸುಡುತ್ತದೆ ಅಂತ ಇಲ್ಲಿ ಕೂತಿರುವ ನೀರುಗಂಟಿಗಳನ್ನು ಕೇಳಿ. ಸುಟ್ಟಿದ್ದಕ್ಕೆ ಕರೆಂಟು ಸರಿಯಿಲ್ಲ ಅಂತ ಬೈಯುತ್ತೇವೆ. ವೋಲ್ಟೇಜ್ ಸಮಸ್ಯೆ ಇರುವುದು ನಿಜ. ಆದರೆ ಪಂಪು ಮತ್ತು ಬೋರ್ ಒಂದಕ್ಕೊಂದು ಹೊಂದದಿರುವುದೂ ಅಷ್ಟೇ ದೊಡ್ಡ ಕಾರಣ. ಬೋರಿಗೆ ತಕ್ಕ ಪಂಪು ಇಳಿಸಿ, ನೀರಿಲ್ಲದಾಗ ತಾನೇ ನಿಲ್ಲುವ ಡ್ರೈ ರನ್ ಸಾಧನವನ್ನು ಪ್ಯಾನಲ್ ಬೋರ್ಡಿನಲ್ಲಿ ಕೂರಿಸಿದರೆ ಅದರ ಖರ್ಚು ಬೇಗ ವಾಪಸ್ ಬರುತ್ತದೆ.

ಕರೆಂಟಿನ ಲೆಕ್ಕವನ್ನೂ ಒಂದು ಸಲ ನೋಡಿ. 1,000 ಲೀಟರ್ ನೀರನ್ನು 250 ಮೀಟರ್, ಅಂದರೆ ಸುಮಾರು 820 ಅಡಿ ಮೇಲಕ್ಕೆತ್ತಲು ಭೌತಶಾಸ್ತ್ರದ ಪ್ರಕಾರ 0.68 ಯೂನಿಟ್ ಸಾಕು. ಆದರೆ ಪಂಪು, ಮೋಟರ್, ಪೈಪು ಎಲ್ಲದರಲ್ಲೂ ನಷ್ಟ ಇದೆ. ಒಟ್ಟು ದಕ್ಷತೆ ಶೇ. 40 ಅಂತ ಇಟ್ಟುಕೊಂಡರೆ 1.7 ಯೂನಿಟ್ ಬೇಕು. ದಿನಕ್ಕೆ 55,000 ಲೀಟರ್ ಎತ್ತುವ ಊರಿಗೆ 93 ಯೂನಿಟ್ಟಿನ ಮೇಲೆ ಆಯಿತು. ಆ ನೀರಿನ ಕಾಲು ಭಾಗ ಪೈಪಿನಲ್ಲಿ ಸೋರಿ ಹೋದರೆ ದಿನಕ್ಕೆ 23 ಯೂನಿಟ್ ಕರೆಂಟು ಮಣ್ಣುಪಾಲು. ಪಂಚಾಯಿತಿಯ ಕರೆಂಟು ಬಿಲ್ಲಿನ ಬಾಕಿ ಬಗ್ಗೆ ಮಾತಾಡುವ ಸಭೆಯಲ್ಲಿ ಈ ಅಂಕಿಯೂ ಮೇಜಿನ ಮೇಲೆ ಇರಬೇಕು.

55,000 ಯಾಕೆ ಅಂದೆ? ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ ಅಂತ ಕರೆಯುವ ಯೋಜನೆ, 2019ರಲ್ಲಿ ಶುರುವಾಯಿತು. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಸಾವಿರ ಜನ ಇದ್ದರೆ 55,000. ಲೆಕ್ಕ ಸರಿಯಾಗಿದೆ, ಆದರೆ ನಮ್ಮ ಊರುಗಳಿಗೆ ಸಾಲದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಎಷ್ಟೋ ಮನೆಗಳ ಸಂಸಾರ ನಡೆಯುವುದೇ ಹಾಲಿನಿಂದ. ಹಾಲು ಕೊಡುವ ಸೀಮೆಹಸು ಬೇಸಿಗೆಯಲ್ಲಿ ಒಬ್ಬ ಮನುಷ್ಯನ ಪಾಲಿನ 55 ಲೀಟರಿಗಿಂತ ಜಾಸ್ತಿಯೇ ಕುಡಿಯುತ್ತದೆ. ಕೊಟ್ಟಿಗೆ ತೊಳೆಯುವುದು ಬೇರೆ. ಮನೆಯಲ್ಲಿ ನಾಲ್ಕು ಜನ, ಎರಡು ಹಸು ಇದ್ದರೆ ಆ ನಲ್ಲಿಯಿಂದ ಆರು ಜನರ ನೀರು ಹೋಗುತ್ತಿದೆ ಅಂತ ತಿಳಿಯಿರಿ. ದನಗಳಿಗೆ ಬೇರೆ ತೊಟ್ಟಿ, ಬೇರೆ ಬೋರ್ ಇರುವ ಊರಲ್ಲಿ ಪರವಾಗಿಲ್ಲ. ಇಲ್ಲದಿದ್ದರೆ ಹಸುಗಳನ್ನು ಎಣಿಸದೆ ಮಾಡಿದ ಯೋಜನೆ ಮೊದಲ ಬೇಸಿಗೆಗೇ ಸೋಲುತ್ತದೆ. ಆದ್ದರಿಂದ ಅಧ್ಯಯನಕ್ಕೆ ಹೋದವರು ಜನಗಣತಿಯ ಪುಸ್ತಕದ ಜೊತೆ ಡೈರಿಯ ಪುಸ್ತಕವನ್ನೂ ನೋಡಬೇಕು.

ಇನ್ನು ಪೈಪು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜಗಳ ಹುಟ್ಟುವುದು ಇಲ್ಲೇ.

ಒಂದು ಊರು ಅಂತ ಇಟ್ಟುಕೊಳ್ಳಿ. ಓವರ್‌ಹೆಡ್ ಟ್ಯಾಂಕಿನ ತಳ ನೆಲದಿಂದ 12 ಮೀಟರ್ ಮೇಲಿದೆ. ಟ್ಯಾಂಕು ಇರುವ ಜಾಗಕ್ಕಿಂತ ಮೇಲಿನ ಬೀದಿ 7 ಮೀಟರ್ ಎತ್ತರದಲ್ಲಿದೆ. ಹಾಗಾದರೆ ಆ ಬೀದಿಗೆ ಉಳಿಯುವ ಎತ್ತರ 5 ಮೀಟರ್. ಒಂದು ಅಂತಸ್ತಿನ ಮನೆಗೆ 7 ಮೀಟರ್ ನೀರಿನ ಎತ್ತರದಷ್ಟು ಒತ್ತಡ ಉಳಿಯಬೇಕು ಅನ್ನುವುದು ನಮ್ಮ ದೇಶದ 1999ರ ನೀರು ಸರಬರಾಜು ಕೈಪಿಡಿಯ ಮಾತು. ಪೈಪಿನೊಳಗಿನ ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮುಂಚೆಯೇ ಆ ಬೀದಿ ಸೋತಿದೆ. ಟ್ಯಾಂಕು ಎಷ್ಟೇ ತುಂಬಿರಲಿ, ಬೋರ್ ಎಷ್ಟೇ ಹೊಸದಿರಲಿ, ಕೆಳಗಿನ ಬೀದಿಯ ನಲ್ಲಿಗಳು ತೆರೆದಿರುವ ತನಕ ಮೇಲಿನ ಬೀದಿಗೆ ನೀರು ಏರುವುದಿಲ್ಲ.

ಘರ್ಷಣೆಯ ವಿಷಯ ಇನ್ನೂ ಕಠಿಣ. ಅಷ್ಟೇ ನೀರನ್ನು ನಾಲ್ಕು ಇಂಚಿನ ಬದಲು ಮೂರು ಇಂಚಿನ ಪೈಪಿನಲ್ಲಿ ಕಳಿಸಿದರೆ ಒತ್ತಡದ ನಷ್ಟ ನಾಲ್ಕು ಪಟ್ಟು. ಎರಡು ಇಂಚಿಗೆ ಇಳಿಸಿದರೆ ಸುಮಾರು 29 ಪಟ್ಟು. ವಿದ್ಯಾರ್ಥಿಗಳು ಈ ನಷ್ಟವನ್ನು ಲೆಕ್ಕ ಹಾಕುವ ಹೇಜನ್ ವಿಲಿಯಮ್ಸ್ ಸೂತ್ರ ಓದಿರುತ್ತೀರಿ. ವ್ಯಾಸದ ಮೇಲೆ 4.87 ಅನ್ನುವ ಘಾತ ಇದೆಯಲ್ಲ, ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಅಂಕಿ ಅಂತ ಬಿಡಬೇಡಿ. ರಸ್ತೆ ಕೆಲಸದಲ್ಲಿ ಪೈಪು ಒಡೆದಾಗ ಕೈಗೆ ಸಿಕ್ಕ ಸಣ್ಣ ಪೈಪು ಸೇರಿಸಿ ಮುಚ್ಚಿಬಿಡುತ್ತಾರೆ. ಆ ಹತ್ತು ಮೀಟರ್ ತುಂಡು ಅರ್ಧ ಊರಿನ ಒತ್ತಡವನ್ನು ತಿನ್ನುತ್ತಿರುತ್ತದೆ. ಮೇಲೆ ಸಿಮೆಂಟ್ ರಸ್ತೆ ಬಂದ ಮೇಲೆ ಯಾರಿಗೆ ಕಾಣುತ್ತದೆ?

ಗುಡಿಬಂಡೆ ಕಡೆಯ ಒಂದು ಊರಿನಲ್ಲಿ ನಾನು ಕಂಡಿದ್ದು ಹೀಗೆ. ಕಡತದಲ್ಲಿದ್ದ ನಕ್ಷೆಯಲ್ಲಿ ಉದ್ದಕ್ಕೂ ಒಂದೇ ಅಳತೆಯ ಪೈಪು. ಪ್ರೆಷರ್ ಗೇಜನ್ನು ಒಂದೊಂದೇ ನಲ್ಲಿಗೆ ತಿರುಗಿಸಿ ಕೂರಿಸುತ್ತಾ ಹೋದೆವು. ಗೇಜಿನಲ್ಲಿ ಒಂದು ಕೆಜಿ ತೋರಿಸಿದರೆ ಹತ್ತು ಮೀಟರ್ ಎತ್ತರದ ಒತ್ತಡ ಅಂತ ಲೆಕ್ಕ. ಅಂಗಡಿ ಮುಂದಿನ ನಲ್ಲಿಯಲ್ಲಿ ಮುಳ್ಳು ಚೆನ್ನಾಗಿಯೇ ಏರಿತು. ನಾಲ್ಕು ಮನೆ ದಾಟಿ, ಅದೇ ಸಮತಟ್ಟಿನಲ್ಲಿರುವ ಇನ್ನೊಂದು ನಲ್ಲಿಗೆ ಹಾಕಿದರೆ ಮುಳ್ಳು ಅಲುಗಾಡಿ ಸೊನ್ನೆಯ ಹತ್ತಿರ ನಿಂತಿತು. ನಡುವೆ ಏನೋ ಇದೆ ಅನ್ನುವುದು ಖಚಿತ. ಜೊತೆಗಿದ್ದ ನೀರುಗಂಟಿ ಕಾಲಿನಿಂದ ರಸ್ತೆಯ ಒಂದು ಜಾಗ ತೋರಿಸಿದರು. "ಸಾರ್, ಇಲ್ಲಿ ಮೋರಿ ಕಟ್ಟುವಾಗ ಪೈಪು ಒಡೆದಿತ್ತು. ಅವತ್ತು ಒಂದೂಕಾಲು ಇಂಚಿನದು ಸೇರಿಸಿದ್ದು. ನಮ್ಮನ್ನ ಯಾರೂ ಕೇಳಲಿಲ್ಲ" ಅಂದರು. ಅಗೆದು ನೋಡಿದರೆ ಅವರ ಮಾತು ಅಕ್ಷರಶಃ ನಿಜ. ಆ ಊರಿನಲ್ಲಿ ಕೊನೆಯ ಬೀದಿಗೆ ನೀರಿಲ್ಲ ಅಂತ ಹೊಸ ಬೋರಿಗೆ ಅರ್ಜಿ ಹೋಗಿತ್ತು. ಬೇಕಾಗಿದ್ದುದು ಎರಡು ಉದ್ದ ಪೈಪು, ಒಂದು ದಿನದ ಕೆಲಸ.

ನೀರುಗಂಟಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಯಾವ ವಾಲ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಕೇರಿಗೆ ನೀರು ಹೋಗುತ್ತದೆ, ಯಾವ ಜಾಯಿಂಟು ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ, ಯಾವ ಮನೆಯವರು ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆಯುತ್ತಾರೆ, ಇದೆಲ್ಲ ಇರುವುದು ಅವರ ತಲೆಯಲ್ಲಿ ಮಾತ್ರ. ಅವರು ನಿವೃತ್ತರಾದರೆ ಊರಿನ ನಕ್ಷೆಯೇ ಹೋದಂತೆ. ಕಡಿಮೆ ಸಂಬಳಕ್ಕೆ, ಬೆಳಗಿನ ಜಾವ ಕರೆಂಟು ಬಂದಾಗ ಎದ್ದು ಓಡುವ ಈ ಜನರನ್ನು ನಾವು ಯೋಜನೆ ಮಾಡುವಾಗ ಒಂದು ಕುರ್ಚಿ ಹಾಕಿ ಕೂರಿಸುವುದಿಲ್ಲ. ಅಧ್ಯಯನದ ಮೊದಲ ದಿನವನ್ನು ಪೂರ್ತಿಯಾಗಿ ನೀರುಗಂಟಿಯ ಜೊತೆ ನಡೆಯುವುದಕ್ಕೇ ಇಡಿ. ಅವರು ಹೇಳಿದ್ದನ್ನು ಊರಿನ ನಕ್ಷೆಯ ಮೇಲೆ ಬರೆಯಿರಿ. ವಾಲ್ ಎಲ್ಲಿದೆ, ಪೈಪು ಯಾವ ಅಳತೆಯದು, ಯಾವ ವರ್ಷದ್ದು, ಎಲ್ಲಿ ಪಿವಿಸಿ, ಎಲ್ಲಿ ಎಚ್‌ಡಿಪಿಇ, ಎಲ್ಲಿ ಹಳೆಯ ಜಿಐ ಕಬ್ಬಿಣದ್ದು. ವರದಿಯಲ್ಲಿ ಬೇರೇನೂ ಇಲ್ಲದೆ ಈ ಒಂದು ನಕ್ಷೆ ಮಾತ್ರ ಇದ್ದರೂ ಆ ಅಧ್ಯಯನ ಸಾರ್ಥಕ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಷ್ಟೋ ಊರುಗಳಲ್ಲಿ ಪೈಪಿನ ಕೊನೆ ಇರುವುದು ದಲಿತರ ಕೇರಿಯಲ್ಲಿ. ಒತ್ತಡ ಕಡಿಮೆಯಾದರೆ ಮೊದಲು ಒಣಗುವುದು ಅವರ ನಲ್ಲಿ. ಅದನ್ನು ಯಾರೂ ಬೇಕಂತ ಮಾಡಿದ್ದಲ್ಲ ಅಂತ ಇಂಜಿನಿಯರು ಹೇಳಬಹುದು. ಆದರೆ ಕೊಡ ಹಿಡಿದು ಕಾಯುವ ಹೆಂಗಸಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಊರಿನ ಸರಾಸರಿ 55 ಲೀಟರ್ ಅಂತ ವರದಿಯಲ್ಲಿ ಬರೆದುಬಿಟ್ಟರೆ ಈ ಅನ್ಯಾಯ ಕಾಣುವುದೇ ಇಲ್ಲ. ಅದಕ್ಕೇ ನಾನು ಹೇಳುವುದು, ಮೊದಲ ಮನೆಯಲ್ಲಿ ಅಳೆಯಬೇಡಿ, ಕೊನೆಯ ಮನೆಯಲ್ಲಿ ಅಳೆಯಿರಿ. ಕೊನೆಯ ನಲ್ಲಿಯಲ್ಲಿ ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕು? ಆ ಅಂಕಿಯೇ ಇಡೀ ವ್ಯವಸ್ಥೆಯ ಅಂಕಪಟ್ಟಿ. ಊರನ್ನು ಎರಡು ಮೂರು ವಲಯ ಮಾಡಿ, ಎತ್ತರದ ಬೀದಿಗೆ ಬೇರೆ ಪೈಪು, ಬೇರೆ ವಾಲ್, ಬೇರೆ ಸಮಯ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸೋರಿಕೆ ಕಂಡುಹಿಡಿಯಲು ಬಹಳ ಸುಲಭದ ಒಂದು ಪರೀಕ್ಷೆ ಇದೆ. ರಾತ್ರಿ ಊರು ಮಲಗಿದ ಮೇಲೆ ಟ್ಯಾಂಕಿಗೆ ಬರುವ ನೀರನ್ನು ನಿಲ್ಲಿಸಿ, ಊರಿಗೆ ಹೋಗುವ ವಾಲ್ ತೆರೆದೇ ಇಡಿ. ಟ್ಯಾಂಕಿನ ಮಟ್ಟ ಅಳೆಯಿರಿ. ಬೆಳಗಿನ ಜಾವ ಮತ್ತೆ ಅಳೆಯಿರಿ. 50,000 ಲೀಟರಿನ, ಮೂರು ಮೀಟರ್ ಆಳದ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 166 ಲೀಟರ್. ನಾಲ್ಕು ಗಂಟೆಯಲ್ಲಿ 30 ಸೆಂಟಿಮೀಟರ್ ಇಳಿಯಿತು ಅಂದರೆ ಐದು ಸಾವಿರ ಲೀಟರ್ ಎಲ್ಲಿಗೆ ಹೋಯಿತು? ಎಲ್ಲೋ ಒಂದೆರಡು ಮನೆಯ ಸಂಪು ತುಂಬುತ್ತಿರಬಹುದು. ಉಳಿದಿದ್ದು ಮಣ್ಣಿಗೆ. ಆಮೇಲೆ ಒಂದೊಂದೇ ಬೀದಿಯ ವಾಲ್ ಮುಚ್ಚಿ ಇದೇ ಪರೀಕ್ಷೆ ಮಾಡಿದರೆ ಕಳ್ಳ ಬೀದಿ ಯಾವುದು ಅಂತ ಸಿಕ್ಕಿಬೀಳುತ್ತದೆ. ಬೀದಿಗೆ ವಾಲೇ ಇಲ್ಲ ಅಂದರೆ ಮೊದಲು ಹಾಕಿಸಬೇಕಾಗಿದ್ದು ವಾಲ್.

ಸೋರುವ ಪೈಪು ಬರೀ ನೀರು ಕಳೆಯುವುದಿಲ್ಲ, ಕಾಯಿಲೆಯನ್ನೂ ತರುತ್ತದೆ. ನಮ್ಮಲ್ಲಿ ದಿನಕ್ಕೆ ಒಂದೆರಡು ಗಂಟೆ ನೀರು ಬಿಡುತ್ತೇವೆ, ಉಳಿದ ಹೊತ್ತು ಪೈಪು ಖಾಲಿ. ಖಾಲಿಯಾಗುವಾಗ ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಮೋರಿಯೊಳಗೆ ಹಾದುಹೋಗುವ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಮೋರಿಯ ನೀರು ಒಳಗೆ. ಮನೆಯವರು ಮೋಟರ್ ಹಾಕಿ ಎಳೆದರೆ ಇನ್ನೂ ಜಾಸ್ತಿ. ಟ್ಯಾಂಕಿನ ಹತ್ತಿರ ಪರೀಕ್ಷೆ ಮಾಡಿದ ನೀರು ಶುದ್ಧವಾಗಿರುತ್ತದೆ, ಮಗು ಕುಡಿಯುವ ನೀರು ಶುದ್ಧವಾಗಿರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿ ನೀರಿನಲ್ಲಿ ಇ-ಕೊಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಕಾಣಬಾರದು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಬ್ಲೀಚಿಂಗ್ ಪೌಡರ್ ವಿಷಯ ಕೇಳಿಸಿಕೊಳ್ಳಿ, ಇದು ದಿನನಿತ್ಯದ ಕೆಲಸ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಹಾಕಬೇಕು ಅಂದರೆ 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪೌಡರಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ, 300 ಗ್ರಾಂ ಸಾಕು. ಸ್ವಲ್ಪ ಹಳೆಯದಾಗಿ ಶೇ. 25ಕ್ಕೆ ಇಳಿದರೆ 400 ಗ್ರಾಂ. ಪಂಚಾಯಿತಿ ಕೋಣೆಯ ಮೂಲೆಯಲ್ಲಿ ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಇದ್ದು ಶೇ. 10ಕ್ಕೆ ಇಳಿದಿದ್ದರೆ ಒಂದು ಕೆಜಿ ಬೇಕು. "ಒಂದು ಹಿಡಿ ಹಾಕಪ್ಪಾ" ಅಂದರೆ ಏನೂ ಹೇಳಿದಂತಾಗಲಿಲ್ಲ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ. ಅರ್ಧ ಗಂಟೆ ಬಿಟ್ಟು ನೀರು ಬಿಡಿ. ಕೊನೆಯ ನಲ್ಲಿಯಲ್ಲಿ ಕಿಟ್ಟಿನಿಂದ ನೋಡಿ. ಬಣ್ಣ ಬಂದರೆ ಸರಿ, ಬರದಿದ್ದರೆ ಪೌಡರ್ ಹಳೆಯದು ಅಥವಾ ದಾರಿಯಲ್ಲಿ ಕೊಳಕು ಸೇರುತ್ತಿದೆ.

ಕ್ಲೋರಿನ್ನಿಗೆ ಬಗ್ಗದ ಸಮಸ್ಯೆಗಳೂ ಇವೆ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಡೆಯವರಿಗೆ ಫ್ಲೋರೈಡ್ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ, ವಯಸ್ಸಾದವರ ಬಗ್ಗಿದ ಬೆನ್ನು ನೋಡಿಯೇ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಅಂತ ಮಾನಕ ಹೇಳುತ್ತದೆ. ನಮ್ಮ ಗ್ರಾನೈಟ್ ಬಂಡೆಯಲ್ಲಿ ಆಳದ ಬೋರುಗಳಲ್ಲಿ ಯುರೇನಿಯಂ ಕೂಡ ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅದಕ್ಕೆ ಲೀಟರಿಗೆ 30 ಮೈಕ್ರೋಗ್ರಾಂ. ಊರಿನ ಕಿಟ್ಟಿನಲ್ಲಿ ಅದು ಸಿಗುವುದಿಲ್ಲ, ಲ್ಯಾಬಿಗೇ ಕಳಿಸಬೇಕು. ಹೊಸ ಬೋರ್ ಕೊರೆದಾಗ ನೀರು ಬಿತ್ತು ಅಂತ ಪೂಜೆ ಮಾಡುವ ದಿನವೇ ಒಂದು ಬಾಟಲಿ ಲ್ಯಾಬಿಗೆ ಹೋಗಲಿ.

ಇಲ್ಲೂ ಅಳತೆಯಿಂದ ಪರಿಹಾರ ಸಿಗುವುದುಂಟು. ಊರಿನಲ್ಲಿ ಎರಡು ಬೋರ್ ಇವೆ ಅನ್ನಿ. ಒಂದರಲ್ಲಿ ಫ್ಲೋರೈಡ್ 2.4, ಇನ್ನೊಂದರಲ್ಲಿ 0.6. ಸಮಪಾಲು ಬೆರೆಸಿದರೆ 1.5. ಒಳ್ಳೆಯ ಬೋರಿನದು ಎರಡು ಪಾಲು, ಕೆಟ್ಟದ್ದು ಒಂದು ಪಾಲು ಆದರೆ 1.2. ಒಂದೇ ಟ್ಯಾಂಕಿಗೆ ಬಿಟ್ಟು ಬೆರೆಸಿಕೊಳ್ಳಬಹುದು. ಆದರೆ ಎರಡರ ಫ್ಲೋರೈಡೂ ಗೊತ್ತಿರಬೇಕು, ಎರಡೂ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತವೆ ಅನ್ನುವುದೂ ಗೊತ್ತಿರಬೇಕು. ಬೇಸಿಗೆಯಲ್ಲಿ ಒಳ್ಳೆಯ ಬೋರ್ ಸೊರಗಿದರೆ ಪ್ರಮಾಣ ಬದಲಾಗುತ್ತದೆ, ಮತ್ತೆ ಅಳೆಯಬೇಕು. ಇದಾಗದ ಕಡೆ ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ ಅನ್ನುತ್ತೀರಿ. ಇದೆ, ಬೇಕು ಕೂಡ. ಆದರೆ ಪೊರೆಯ ಮೂಲಕ ನೀರು ಸೋಸುವ ಆ ಆರ್‌ಓ ಘಟಕ ಒಳಗೆ ಹೋದ ನೀರಿನಲ್ಲಿ ಸುಮಾರು ಅರ್ಧವನ್ನು ಉಪ್ಪು ನೀರಾಗಿ ಹೊರಗೆ ಬಿಡುತ್ತದೆ. ಆ ನೀರು ಎಲ್ಲಿ ಹೋಗುತ್ತಿದೆ? ಘಟಕದ ಹಿಂದಿನ ಗುಂಡಿಗೆ ಇಳಿದು ಮತ್ತೆ ಅದೇ ಬೋರಿಗೆ ಸೇರುತ್ತಿದ್ದರೆ ನಾವು ಮಾಡುತ್ತಿರುವುದೇನು? ಅಧ್ಯಯನದಲ್ಲಿ ಈ ಪ್ರಶ್ನೆಗೂ ಒಂದು ಪುಟ ಇರಲಿ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಬರುತ್ತಿದೆ. ಎಚ್‌ಎನ್ ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಿಂದ ನಮ್ಮ ಜಿಲ್ಲೆಗೂ ಬಂದಿದೆ. ಬತ್ತಿದ್ದ ಬೋರುಗಳಲ್ಲಿ ನೀರು ಮೇಲೆ ಬಂದಿದ್ದನ್ನು ಕೆರೆಯ ಕೆಳಗಿನ ರೈತರೇ ಹೇಳುತ್ತಾರೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅಂತ ಹೋರಾಟ ಮಾಡುತ್ತಿರುವವರೂ ನಮ್ಮ ರೈತರೇ. ನನ್ನ ಅಭಿಪ್ರಾಯ ಕೇಳಿದರೆ, ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು. ಅದು ಈಡೇರುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಆ ಕೆರೆಗಳ ಅಕ್ಕಪಕ್ಕದಲ್ಲಿ ಕುಡಿಯುವ ನೀರಿನ ಬೋರ್ ಇರುವ ಪ್ರತಿ ಊರೂ ನೀರಿನ ಮಟ್ಟ ಮತ್ತು ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಎರಡನ್ನೂ ಮಳೆಗಾಲದ ಮುಂಚೆ, ಮಳೆಗಾಲದ ಆಮೇಲೆ ಬರೆದಿಡಬೇಕು. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಐದು ವರ್ಷದ ಅಂಕಿ ಕೈಯಲ್ಲಿದ್ದರೆ ಸರಕಾರದ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ದಯವಿಟ್ಟು ನಿಮ್ಮ ಊರನ್ನೇ ತೆಗೆದುಕೊಳ್ಳಿ. ಬೋರಿನ ಇಳುವರಿ, ಟ್ಯಾಂಕಿನ ರಾತ್ರಿ ಪರೀಕ್ಷೆ, ಹತ್ತಾರು ನಲ್ಲಿಗಳ ಒತ್ತಡ, ನೀರಿನ ಪರೀಕ್ಷೆ, ಪೈಪಿನ ನಕ್ಷೆ. ಬೇಕಾದರೆ ಪೈಪು ಜಾಲದ ಲೆಕ್ಕ ಹಾಕುವ ಸಾಫ್ಟ್‌ವೇರ್ ಎಪಾನೆಟ್‌ನಲ್ಲಿ ಮಾಡೆಲ್ ಮಾಡಿ, ಅದು ಪುಕ್ಕಟೆ ಸಿಗುತ್ತದೆ. ಆದರೆ ಗೇಜಿನ ಅಂಕಿಗೂ ಮಾಡೆಲ್ಲಿನ ಅಂಕಿಗೂ ತಾಳೆಯಾಗದಿದ್ದರೆ ಗೇಜನ್ನು ನಂಬಿ ಮತ್ತೆ ರಸ್ತೆಗಿಳಿಯಿರಿ. ವರದಿ ಕನ್ನಡದಲ್ಲಿರಲಿ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಜಲ ಜೀವನ್ ಮಿಷನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ಅವರು ಓದಿ ಪ್ರಶ್ನೆ ಕೇಳುವ ಹಾಗಿರಬೇಕು ನಿಮ್ಮ ವರದಿ. ಎಷ್ಟು ಹೊತ್ತಿಗೆ ನೀರು ಬರುತ್ತದೆ, ಎಷ್ಟು ಕೊಡ ಸಿಗುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಆಗ ಒಬ್ಬ ಸದಸ್ಯರು ಕೇಳಿದರು, ನಮ್ಮ ಪಂಚಾಯಿತಿಯಲ್ಲಿ ದುಡ್ಡಿರುವುದು ಕಡಿಮೆ, ಮನೆಮನೆಗೂ ಮೀಟರ್ ಹಾಕಿಸಬೇಕಾ ಅಂತ. ಒಳ್ಳೆಯ ಪ್ರಶ್ನೆ. ನಾನಾಗಿದ್ದರೆ ಮನೆಯ ಮೀಟರಿನಿಂದ ಶುರು ಮಾಡುವುದಿಲ್ಲ. ಮೊದಲ ಮೀಟರ್ ಬೋರಿನ ಪೈಪಿಗೆ, ಎರಡನೆಯದು ಟ್ಯಾಂಕಿನಿಂದ ಊರಿಗೆ ಹೊರಡುವ ಪೈಪಿಗೆ. ಈ ಎರಡು ಮೀಟರ್ ಒಂದು ವರ್ಷ ಓಡಲಿ. ನೀರುಗಂಟಿಗೆ ಒಂದು ನೋಟ್‌ಬುಕ್ ಕೊಡಿ. ದಿನಾ ಮೋಟರ್ ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು, ಎರಡು ಮೀಟರಿನ ಅಂಕಿ, ವಾರಕ್ಕೊಮ್ಮೆ ಕರೆಂಟು ಮೀಟರಿನ ಅಂಕಿ ಬರೆಯಲಿ, ಅದಕ್ಕೆ ಅವರಿಗೆ ತಿಂಗಳಿಗೆ ಇಷ್ಟು ಅಂತ ಭತ್ಯೆ ಕೊಡಿ. ಮೂರನೇ ವರ್ಷಕ್ಕೆ ಬೇಕಾದರೆ ಬೀದಿಗೊಂದು ಮೀಟರ್ ಹಾಕಿ. ಮನೆಗಳ ಮೀಟರ್ ಆಮೇಲೆ ನೋಡಿದರಾಯಿತು. ನೀರೇ ಏರದ ಬೀದಿಯ ಮನೆಗೆ ಮೀಟರ್ ಕೂರಿಸಿ ಬಿಲ್ಲು ಕೊಟ್ಟರೆ ಜನ ಒಪ್ಪುವುದಿಲ್ಲ, ಒಪ್ಪಲೂಬಾರದು.